ಊರಲ್ಲೇ ರಜೆ, ತಟ್ಟೇಲಿ ನೂಡಲ್ಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಇದೇ ಕಾಲಮ್ಮಲ್ಲಿ ಯಾವುದೋ ಬೇರೆ ಪ್ರಶ್ನೆಗೆ ಉತ್ತರ ಬರೀತಾ, ದಸರಾ ರಜೆಗೆ ನಾವು ಎಲ್ಲೂ ಹೋಗ್ಲಿಲ್ಲ, ದಾವಣಗೆರೇಲೇ ಮೂರು ದಿನ ನೂಡಲ್ಸು, ಮೊಮೊ, ಥಾಯ್ ಕರಿ ಅಂತ ತಿನ್ಕೊಂಡು ತಿರುಗಿದ್ವಿ ಅಂತ ಒಂದು ಸಾಲು ಬರೆದಿದ್ದೆ. ಬರೆದು ಮರೆತೂ ಹೋಗಿದ್ದೆ. ಈ ತಿಂಗಳು ನೋಡಿದ್ರೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಆ ಒಂದು ಸಾಲಿನ ಮೇಲೇ ಇವೆ. ಹಂಗಾಗಿ ಈ ಸಲ ಗುಲಾಬಿ ಗಿಡದ ಹುಳ, ಬೋರ್‌ವೆಲ್ ಮೋಟರ್ ಎಲ್ಲ ಪಕ್ಕಕ್ಕಿಟ್ಟು ಬರೀ ತಿನ್ನೋ ವಿಚಾರ.

ನಮ್ಮನೆಯವರು ಈ ಸಲ ಟ್ರಿಪ್ ಬೇಡ, ಸ್ಟೇಕೇಷನ್ ಮಾಡೋಣ ಅಂತಿದಾರೆ. ಊರಲ್ಲೇ ಇರೋದಾದ್ರೆ ಅದೆಂಥ ರಜೆ? ದಾವಣಗೆರೇಲಿ ಬೆಣ್ಣೆದೋಸೆ ಬಿಟ್ರೆ ಏನಿದೆ?
— ವಿದ್ಯಾನಗರದ ಓದುಗಿ, ದಾವಣಗೆರೆ

ಅಕ್ಕಾರೆ, ಮೊದಲು ನಿಮ್ಮ ಯಜಮಾನ್ರನ್ನ ಒಂದೇ ಒಂದು ಪ್ರಶ್ನೆ ಕೇಳ್ರಿ: ಆ ಮೂರು ದಿನ ಬೆಳಗ್ಗೆ ಟೀಗೆ ಹಾಲು ಯಾರು ಕಾಯಿಸ್ತಾರೆ ಅಂತ. ನೀವೇ ಅಂತಾದ್ರೆ ಅದು ಅವರಿಗೆ ರಜೆ, ನಿಮಗೆ ಓವರ್‌ಟೈಮು. ಊಟಿ, ಗೋವಾ ಅಂತ ಹೋದಾಗ ಮನೆ ಹೆಂಗಸರಿಗೆ ಸಿಗೋ ದೊಡ್ಡ ಸುಖ ಬೆಟ್ಟನೂ ಅಲ್ಲ ಸಮುದ್ರನೂ ಅಲ್ಲ, ರಾತ್ರಿಗೆ ಏನ್ ಮಾಡ್ಲಿ ಅನ್ನೋ ಯೋಚನೆ ಇಲ್ದಿರೋದು. ಊರಲ್ಲೇ ರಜೆ ಮಾಡಿದ್ರೂ ಅದೊಂದು ಸಿಗ್ಲೇಬೇಕು, ಸಿಗ್ದಿದ್ರೆ ಬೇಡ ಅನ್ರಿ. ನಮ್ಮನೇಲಿ ಮೊದಲೇ ಒಪ್ಪಂದ ಆಗಿತ್ತು, ಮೂರು ದಿನ ನನ್ನ ಹೆಂಡತಿ ಅಡುಗೆಮನೆ ಕಡೆ ತಲೆ ಹಾಕಿ ಮಲಗಲ್ಲ ಅಂತ. ಮೂರನೇ ದಿನ ನಾನು ಅಡುಗೆ ಮಾಡಿದ್ದು ಬೇರೆ ಕಥೆ, ಅದು ಕೆಳಗೆ ಬರುತ್ತೆ.

ಇನ್ನು ಏನಿದೆ ಅಂದ್ರಲ್ಲ. ನಾವು ಚಿಕ್ಕವರಿದ್ದಾಗ ಹೊರಗಿನ ತಿಂಡಿ ಅಂದ್ರೆ ದೋಸೆ, ಮಂಡಕ್ಕಿ ಮಿರ್ಚಿ, ಅಲ್ಲಿಗೆ ಮುಗೀತು. ಆದ್ರೆ ಈ ಊರು ಕಾಲೇಜಿನ ಊರೂ ಹೌದು. ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಗಿದ್ದು 1965ರಲ್ಲಿ, ಬಿಐಇಟಿ ಇಂಜಿನಿಯರಿಂಗ್ ಕಾಲೇಜು 1979ರಲ್ಲಿ. ಎಲ್ಲೆಲ್ಲಿಂದಲೋ ಬಂದ ಹುಡುಗರಿಗೆ ದಿನಾ ರೊಟ್ಟಿ, ಮುದ್ದೆ ಇಳಿಯಲ್ಲ, ಕೈಯಲ್ಲಿ ದುಡ್ಡೂ ಜಾಸ್ತಿ ಇರಲ್ಲ. ನೂಡಲ್ಸ್ ಗಾಡಿ, ಮೊಮೊ ಸ್ಟಾಲು ಎಲ್ಲ ಆ ಹೊಟ್ಟೆಗಳ ಹಿಂದೆ ಬಂದಿದ್ದು ಅಂತ ನನ್ನ ಲೆಕ್ಕ. ಎಂಸಿಸಿ ಬಿ ಬ್ಲಾಕು, ಮಾಮಾಸ್ ಜಾಯಿಂಟ್ ರೋಡು, ವಿದ್ಯಾನಗರ, ರಾಂ ಅಂಡ್ ಕೋ ಸರ್ಕಲ್, ಇಷ್ಟು ಕಡೆ ಸಂಜೆ ಆರರ ಮೇಲೆ ಒಂದು ಸುತ್ತು ಹಾಕಿದ್ರೆ ನಿಮಗೇ ಗೊತ್ತಾಗುತ್ತೆ. ನೀವು ವಿದ್ಯಾನಗರದಲ್ಲೇ ಇದ್ದು ಏನಿದೆ ಅಂತ ಕೇಳ್ತಿದೀರಲ್ಲ, ಅದೇ ಮಜಾ. ದಿನಾ ಓಡಾಡೋ ದಾರೀಲಿ ಎಡಕ್ಕೆ ಬಲಕ್ಕೆ ಯಾರು ನೋಡ್ತಾರೆ ಹೇಳ್ರಿ.

ನಾವು ಮಾಡಿದ್ದು ಹಿಂಗೆ. ಮೊದಲನೇ ದಿನ ಸಂಜೆ ಬರೀ ಗಾಡಿಗಳು, ಕೂರೋದೇ ಇಲ್ಲ, ನಾಕು ಜನಕ್ಕೆ ಒಂದೊಂದು ಕಡೆ ಒಂದೇ ಪ್ಲೇಟು, ನಾಕು ಫೋರ್ಕು. ಇದು ಮುಖ್ಯ, ಯಾಕಂದ್ರೆ ಮೊದಲನೇ ಗಾಡೀಲೇ ತಲೆಗೊಂದು ಫುಲ್ ಪ್ಲೇಟ್ ತಗೊಂಡ್ರೆ ಏಳೂವರೆಗೆಲ್ಲ ಹೊಟ್ಟೆ ತುಂಬಿ ಮನೆಗೆ ಬಂದು ಸೀರಿಯಲ್ ನೋಡ್ಕೊಂಡು ಕೂತಿರ್ತೀರಿ. ಎರಡನೇ ದಿನ ಬೆಳಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗು, ವಾಪಸ್ ಬರ್ತಾ ಬೆಣ್ಣೆದೋಸೆ (ರಜೆ ಅಂತ ಧರ್ಮ ಬಿಡೋಕಾಗಲ್ಲ), ಮಧ್ಯಾಹ್ನ ನಿದ್ದೆ, ಸಂಜೆ ಗಾಜಿನ ಮನೆ, ರಾತ್ರಿ ಎಸಿ ಇರೋ ಒಂದು ರೆಸ್ಟೋರೆಂಟು, ಅಲ್ಲಿ ಸೂಪಿಂದ ಹಿಡಿದು ಎರಡು ಗಂಟೆ ಆರಾಮಾಗಿ. ಮೂರನೇ ದಿನ ಹಿಂದಿನ ಎರಡು ದಿನ ತಿಂದಿದ್ರಲ್ಲಿ ಎಲ್ಲರಿಗೂ ಸೇರಿದ ಒಂದೇ ಒಂದು ಐಟಮ್ಮು ಮನೇಲಿ ಮಾಡಿ ನೋಡೋದು. ಒಂದೇ. ನಾಕು ಮಾಡಕ್ಕೆ ಹೋದ್ರೆ ಅದು ಮದುವೆ ಮನೆ.

ಒಂದು ರಾತ್ರಿ ಹೋಟೆಲ್ ರೂಮಲ್ಲಿ ಇದ್ರೆ ಇನ್ನೂ ಚೆನ್ನ ಅಂತ ನನ್ನ ಮಗಳ ಹಠ. ಪಿಬಿ ರೋಡಿನ ಕಡೆ ಒಂದು ಲಾಡ್ಜಿಗೆ ಹೋದ್ವಿ, ಕೌಂಟರಲ್ಲಿದ್ದ ಹುಡುಗ ಆಧಾರ್ ಕಾರ್ಡು ತಿರುಗಿಸಿ ತಿರುಗಿಸಿ ನೋಡಿ, "ಸಾರ್, ನಿಮ್ಮನೆ ಇಲ್ಲೇ ಐತಲ್ಲ ಸಾರ್, ಎರಡು ಕಿಲೋಮೀಟ್ರು" ಅಂದ. ಹೌದಪ್ಪ ಅಂದೆ. "ಮನೇಲಿ ಏನಾರ ಪ್ರಾಬ್ಲಮ್ಮಾ ಸಾರ್?" ಅಂದ ಪಾಪ, ನಿಜವಾಗ್ಲೂ ಕಾಳಜಿಯಿಂದಲೇ. ರೂಮು ಕೊಡ್ಲಿಲ್ಲ, ಲೋಕಲ್‌ನವರಿಗೆ ಕೊಡಲ್ವಂತೆ. ನೀವು ಹೋಗೋದಾದ್ರೆ ಮೊದಲೇ ಫೋನ್ ಮಾಡಿ ಕೇಳ್ಕೊಳ್ರಿ, ಬ್ಯಾಗು ಹಿಡ್ಕೊಂಡು ವಾಪಸ್ ಬರೋವಾಗ ಪಕ್ಕದ ಮನೆಯವರು ನೋಡಿದ್ರೆ ಉತ್ತರ ಹೇಳೋದು ಕಷ್ಟ.

ಹೋಟೆಲ್ ಹೆಸರು ಹಾಕದೆ ಬರೀ ಏರಿಯಾ ಹೆಸರು ಬರೆದ್ರೆ ನಮಗೇನು ಉಪಯೋಗ ಸ್ವಾಮಿ? ಚೆನ್ನಾಗಿರೋದು ಯಾವುದು ಹೇಳಿ.
— ಹರಿಹರದಿಂದ ಒಬ್ಬರು

ಹಾಕಲ್ಲ. ಚೈನೀಸ್ ಅಡುಗೆ ಹೋಟೆಲಿಂದಲ್ಲ, ಬಾಂಡ್ಲಿ ಹಿಡಿದವನದು. ಈ ತಿಂಗಳು ಒಬ್ಬ ಇರ್ತಾನೆ, ನಾನು ಹೊಗಳಿ ಬರೆದು ಪತ್ರಿಕೆ ನಿಮ್ಮ ಕೈ ಸೇರೋ ಹೊತ್ತಿಗೆ ಅವನು ಹುಬ್ಬಳ್ಳಿಗೆ ಹೋಗಿರ್ತಾನೆ, ಬೈಗುಳ ನನಗೆ. ಬದಲಿಗೆ ನಾನು ನೋಡೋ ಗುರುತು ಹೇಳ್ತೀನಿ. ಮೆನು ಎಷ್ಟು ದಪ್ಪ ಇದೆ ನೋಡ್ರಿ, ಚೈನೀಸು, ಥಾಯ್ಲೆಂಡು, ಜಪಾನು, ಪಂಜಾಬು, ಕೊನೇಗೆ ದೋಸೆನೂ ಇದ್ರೆ ಎಲ್ಲದಕ್ಕೂ ಒಂದೇ ಗ್ರೇವಿ ಅಂತ ತಿಳ್ಕೊಳ್ರಿ. ತರಕಾರಿ ಆಗಷ್ಟೇ ಹೆಚ್ಚಿದ್ದಾ, ಬೆಳಗ್ಗೆ ಹೆಚ್ಚಿಟ್ಟು ಅಂಚು ಒಣಗಿದ್ದಾ ಅಂತ ಗಾಡೀಲಾದ್ರೆ ಕಣ್ಣೆದುರೇ ಕಾಣುತ್ತೆ. ಕರಿಯೋ ಎಣ್ಣೆ ಕಪ್ಪಾಗಿ ನೊರೆ ನೊರೆ ಬರ್ತಿದ್ರೆ ಮುಂದಕ್ಕೆ ನಡೀರಿ. ಒಂದು ಕಡೆ ಹಾಟ್ ಅಂಡ್ ಸೋರ್ ಸೂಪು ಹೇಳಿದ್ರೆ ಸಾಕು, ಹುಳಿ, ಖಾರ, ಉಪ್ಪು, ಗಟ್ಟಿತನ ನಾಲ್ಕೂ ಒಂದೇ ಬಟ್ಟಲಲ್ಲಿ ಸರಿ ಬಂದ್ರೆ ಅವನ ಕೈಯಲ್ಲಿ ಉಳಿದಿದ್ದೂ ಸರಿ ಇರುತ್ತೆ.

ಗೋಬಿ ಈಗ ಮೊದಲಿನಂಗೆ ಕೆಂಪಗೆ ಇರಲ್ಲ, ನೋಡಕ್ಕೇ ಮನಸಾಗಲ್ಲ. ಮನೇಲಿ ಕೆಂಪಗೆ ಮಾಡೋದು ಹೆಂಗೆ? ಇದು ನಿಜವಾಗ್ಲೂ ಚೀನಾದ ತಿಂಡಿನಾ?
— ಓದುಗ, ಹಳೇ ದಾವಣಗೆರೆ

ಕೆಂಪಗಿಲ್ಲ ಅಂದ್ರೆ ಖುಷಿ ಪಡ್ರಿ. 2024ರ ಮಾರ್ಚಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದು ನಿಷೇಧ ಮಾಡ್ತು, ಬಣ್ಣದ ಬಾಂಬೆ ಮಿಠಾಯಿನೂ ಅದರ ಜೊತೆಗೇ ಹೋಯ್ತು. ಅದಕ್ಕೂ ಮುಂಚೆ 171 ಗೋಬಿ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡಿಸಿದ್ರೆ 107ರಲ್ಲಿ ಸುರಕ್ಷಿತ ಅಲ್ಲದ ಬಣ್ಣ ಸಿಕ್ಕಿತ್ತು. ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಅಂತ ಹೆಸರುಗಳು. ಆಗ ಎಲ್ಲರ ಬಾಯಲ್ಲೂ ಇದ್ದ ರೋಡಮಿನ್-ಬಿ ಅಂತೂ ಬಟ್ಟೆಗೆ ಹಾಕೋ ಬಣ್ಣ. ಕಾಟನ್ ಮಿಲ್ಲುಗಳ ಊರಿನವರಿಗೆ ಬಟ್ಟೆ ಬಣ್ಣ ಎಲ್ಲಿರಬೇಕು ಅಂತ ನಾನು ಹೇಳಬೇಕಾ.

ಕೆಂಪು ಬೇಕೇ ಬೇಕು ಅಂದ್ರೆ ಬ್ಯಾಡಗಿ ಇದೆಯಲ್ಲ, ನಮ್ಮ ಪಕ್ಕದ ಹಾವೇರಿ ಜಿಲ್ಲೇದೇ, ಬಣ್ಣ ಜಾಸ್ತಿ ಖಾರ ಕಮ್ಮಿ. ಎಂಟು ಮೆಣಸಿನಕಾಯಿ ಬೀಜ ತೆಗೆದು ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ ನುಣ್ಣಗೆ ರುಬ್ಬಿ. ಅರ್ಧ ಹಿಟ್ಟಿಗೆ, ಅರ್ಧ ಒಗ್ಗರಣೆಗೆ. ಹಿಟ್ಟಿಗೆ ಮೂರು ಚಮಚ ಮೈದಾ ಇದ್ರೆ ಎರಡು ಚಮಚ ಕಾರ್ನ್‌ಫ್ಲೋರ್, ಒಂದು ಚಮಚ ಅಕ್ಕಿಹಿಟ್ಟು. ಹೂಕೋಸು ಉಪ್ಪುನೀರಲ್ಲಿ ಎರಡು ನಿಮಿಷ ಕುದಿಸಿ ಬಟ್ಟೆ ಮೇಲೆ ಹರಡಿ ಪೂರ್ತಿ ಆರಿಸ್ಬೇಕು, ಒದ್ದೆ ಇದ್ರೆ ಹಿಟ್ಟು ಜಾರಿ ಎಣ್ಣೇಲಿ ಬೇರೆ ಗೋಬಿ ಬೇರೆ ತೇಲ್ತಾವೆ. ಎರಡು ಸಲ ಕರೀರಿ, ಮೊದಲು ಹದ ಉರೀಲಿ ಬೇಯೋವಷ್ಟು, ತೆಗೆದು ಆರಿಸಿ ಆಮೇಲೆ ಜೋರು ಉರೀಲಿ ಒಂದು ನಿಮಿಷ. ಕಾರ್ನ್‌ಫ್ಲೋರ್ ಅಂದ್ರೆ ಬೇರೇನಲ್ಲ, ನಮ್ಮ ಸುತ್ತಲ ಹೊಲದಲ್ಲಿ ಎಲ್ಲಿ ನೋಡಿದ್ರೂ ನಿಂತಿರುತ್ತಲ್ಲ ಮೆಕ್ಕೆಜೋಳ, ಅದರ ಪಿಷ್ಟ. ಸೂಪಿಗೆ, ಗ್ರೇವಿಗೆ ಹಾಕೋವಾಗ ಮಾತ್ರ ತಣ್ಣೀರಲ್ಲಿ ಕಲಸಿ ಹಾಕ್ಬೇಕು, ಬಿಸಿದಕ್ಕೆ ನೇರ ಉದುರಿಸಿದ್ರೆ ಹೊರಗಡೆ ಬೆಂದು ಒಳಗಡೆ ಪುಡಿಯಾಗೇ ಉಳಿದು ಗಂಟು ಗಂಟು.

ಚೀನಾದ್ದಾ ಅಂದ್ರೆ, ಅಲ್ಲ. ಚೀನಾದಿಂದ ಕೋಲ್ಕತ್ತಾಕ್ಕೆ ಬಂದು ನೆಲೆಸಿದ ಹಕ್ಕಾ ಜನ ಇಲ್ಲಿಯವರ ನಾಲಿಗೆಗೆ ತಕ್ಕಂಗೆ ಮಾಡ್ತಾ ಮಾಡ್ತಾ ಹುಟ್ಟಿದ ಅಡುಗೆ ಇದು, ಅದಕ್ಕೇ ಹಕ್ಕಾ ನೂಡಲ್ಸ್ ಅನ್ನೋದು. ಮಂಚೂರಿಯನ್ ಅನ್ನೋದನ್ನ ನೆಲ್ಸನ್ ವಾಂಗ್ ಅನ್ನೋ ಕೋಲ್ಕತ್ತಾ ಮೂಲದ ಬಾಣಸಿಗ 1975ರಲ್ಲಿ ಮುಂಬೈಯಲ್ಲಿ ಕೋಳಿ ಹಾಕಿ ಮಾಡಿದ್ರು ಅಂತಾರೆ. ಕೋಳಿ ಹೋಗಿ ಗೋಬಿ ಬಂತು, ಗೋಬಿ ಗಾಡಿ ಏರಿ ಕರ್ನಾಟಕ ತುಂಬ ಓಡಾಡ್ತು. ಇವತ್ತು ಚೀನಾದವರು ಬಂದು ತಿಂದ್ರೆ ಇದ್ಯಾವ ಊರಿನ ತಿಂಡಿ ಅಂತ ಕೇಳ್ತಾರೆ, ಧೈರ್ಯವಾಗಿ ದಾವಣಗೆರೇದು ಅನ್ರಿ.

ನೂಡಲ್ಸ್ ಮನೇಲಿ ಮಾಡಿದ್ರೆ ಪ್ರತೀ ಸಲ ಮುದ್ದೆ ಆಗುತ್ತೆ. ಗಾಡಿಯವರದು ಹೆಂಗೆ ಬಿಡಿಬಿಡಿಯಾಗಿ ಬರುತ್ತೆ? ಫೋಟೋ ಕಳಿಸಿದೀನಿ.
— ಕಾಲೇಜು ಓದುಗಿ, ಎಂಸಿಸಿ ಎ ಬ್ಲಾಕ್

ಫೋಟೋ ನೋಡಿದೆ ತಂಗಿ. ನಗಲ್ಲ, ಯಾಕಂದ್ರೆ ಮೂರನೇ ದಿನ ನನ್ನ ಬಾಂಡ್ಲೀಲೂ ಇದೇ ಆಗಿತ್ತು. ಸಟ್ಟುಗ ಎತ್ತಿದ್ರೆ ಇಡೀ ನೂಡಲ್ಸು ಒಂದೇ ತುಂಡಾಗಿ ಎದ್ದು ಬಂತು, ನನ್ನ ಹೆಂಡತಿ ಒಪ್ಪಂದದ ಪ್ರಕಾರ ಏನೂ ಮಾತಾಡದೆ ಬಾಗಿಲಲ್ಲಿ ನಿಂತು ನೋಡಿ ಹೋದ್ಲು. ಆವತ್ತೇ ಸಂಜೆ ಒಬ್ಬ ಗಾಡಿಯವನ ಹತ್ರ ಹೋಗಿ ಸುಮ್ನೆ ಅರ್ಧ ಗಂಟೆ ನಿಂತೆ. ಏನ್ ಬೇಕು ಅಣ್ಣ ಅಂದ, ನೋಡಕ್ಕೆ ಬಂದೀನಪ್ಪ ಅಂದೆ, ನೋಡ್ರಿ ಅಂದ.

ಅವನು ನೂಡಲ್ಸು ಬೇಯಿಸೋದು ಗಾಡಿ ಹತ್ರ ಅಲ್ಲವೇ ಅಲ್ಲ. ಮಧ್ಯಾಹ್ನವೇ ಮನೇಲಿ ಬೇಯಿಸಿ, ತಣ್ಣೀರಲ್ಲಿ ತೊಳೆದು, ಎಣ್ಣೆ ಸವರಿ ಒಂದು ಬುಟ್ಟೀಲಿ ಹರಡಿ ಮೇಲೆ ಬಟ್ಟೆ ಮುಚ್ಕೊಂಡು ತಂದಿರ್ತಾನೆ, ಸಂಜೆಗೆ ಅದು ಪೂರ್ತಿ ಆರಿ ಒಂದೊಂದು ಎಳೆ ಬೇರೆ. ಆರ್ಡರ್ ಬಂದ್ರೆ ಬಾಂಡ್ಲಿ ಹೊಗೆ ಬರೋವರೆಗೂ ಕಾಯಿಸ್ತಾನೆ, ಎಣ್ಣೆ, ಬೆಳ್ಳುಳ್ಳಿ, ಎಲೆಕೋಸು, ಗಜ್ಜರಿ, ದಪ್ಪ ಮೆಣಸಿನಕಾಯಿ, ಸಟ್ಟುಗ ಬಾಂಡ್ಲಿ ಅಂಚಿಗೆ ಟಣ್ ಟಣ್ ಅಂತ ಎರಡು ಸಲ, ಅಷ್ಟರೊಳಗೆ ನೂಡಲ್ಸು ಬಿದ್ದಾಗಿರುತ್ತೆ. ನಾನು ಕಲಿತಿದ್ದು ಇಲ್ಲಿ: ಸೋಯಾ ಸಾಸನ್ನ ಅವನು ನೂಡಲ್ಸ್ ಮೇಲೆ ಹಾಕಲ್ಲ. ಬಾಂಡ್ಲಿ ಅಂಚಿಗೆ ಸುತ್ತ ಹಾಕ್ತಾನೆ, ಅದು ಕಾದ ಕಬ್ಬಿಣ ಮುಟ್ಟಿದ ಕೂಡ್ಲೆ ಚುರ್ ಅಂತ ಅರ್ಧ ಆವಿಯಾಗಿ ಸುಟ್ಟ ವಾಸನೆ ಎದ್ದು ಒಳಗಿಳಿಯುತ್ತೆ. ಆಮೇಲೆ ವಿನಿಗರ್, ಕಾಳುಮೆಣಸಿನ ಪುಡಿ, ಈರುಳ್ಳಿ ಸೊಪ್ಪು. ಒಲೆ ಮೇಲೆ ಇಟ್ಟು ಇಳಿಸೋದ್ರೊಳಗೆ ಒಂದೂವರೆ ನಿಮಿಷ, ನಾನು ವಾಚ್ ನೋಡಿದೀನಿ.

ಮನೇಲಿ ನಮ್ಮ ಗ್ಯಾಸ್ ಸ್ಟೌಗೆ ಅಷ್ಟು ಉರಿ ಬರಲ್ಲ, ಅದಕ್ಕೇ ಒಂದೇ ಸಲ ನಾಕು ಜನಕ್ಕೆ ಹಾಕಿದ್ರೆ ಬಾಂಡ್ಲಿ ತಣ್ಣಗಾಗಿ ತರಕಾರಿ ನೀರು ಬಿಟ್ಟು ಎಲ್ಲ ಬೆಂದು ಕೂರುತ್ತೆ. ಇಬ್ಬರಿಗಾಗೋವಷ್ಟೇ ಒಂದು ಸಲಕ್ಕೆ, ಆಮೇಲೆ ಇನ್ನೊಂದು ಸಲ. ನಾನ್‌ಸ್ಟಿಕ್ ಬೇಡ, ಕಬ್ಬಿಣದ ಬಾಂಡ್ಲಿ ತೆಗೀರಿ. ಒಂದು ಪ್ಯಾಕೆಟ್ಟಿಗೆ ಎರಡು ಲೀಟರ್ ನೀರು ಕುದಿಬೇಕು, ಒಂದು ಚಮಚ ಉಪ್ಪು, ಪ್ಯಾಕೆಟ್ ಮೇಲೆ ಬರೆದಿದ್ದಕ್ಕಿಂತ ಒಂದು ನಿಮಿಷ ಮೊದಲೇ ಒಂದು ಎಳೆ ತೆಗೆದು ಕಚ್ಚಿ ನೋಡ್ರಿ, ನಡುವೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕೆ ಕಾಣ್ಬೇಕು, ಅದೇ ಹದ. ಬಸಿದು ತಣ್ಣೀರು ಹುಯ್ದು, ಒಂದು ಚಮಚ ಎಣ್ಣೆ ಸವರಿ ದೊಡ್ಡ ತಟ್ಟೇಲಿ ಹರಡಿ ಫ್ಯಾನ್ ಕೆಳಗೆ ಇಡ್ರಿ, ಅಲ್ಲಿಗೆ ನಿಮ್ಮ ಮುಕ್ಕಾಲು ಕೆಲಸ ಆಯ್ತು. ಉಪ್ಪು ಕೊನೇಗೆ, ರುಚಿ ನೋಡಿ. ಸೋಯಾ ಸಾಸಲ್ಲೇ ಬೇಕಾದಷ್ಟಿರುತ್ತೆ.

ಫ್ರೈಡ್ ರೈಸಿಗೂ ಇದೇ ನ್ಯಾಯ, ಬಿಸಿ ಅನ್ನ ಆಗಲ್ಲ, ಚಿತ್ರಾನ್ನಕ್ಕೆ ನಿಮ್ಮಮ್ಮ ಯಾವ ಅನ್ನ ತಗೋತಾರೋ ಅದೇ, ರಾತ್ರಿದು, ಸೋನಾ ಮಸೂರಿನೇ ಸಾಕು, ಬಾಸ್ಮತಿ ಬೇಡ. ಒಂದೇ ಎಚ್ಚರಿಕೆ: ಉಳಿದ ಅನ್ನ ರಾತ್ರಿಯೆಲ್ಲ ಹೊರಗಿಟ್ಟು ಬೆಳಗ್ಗೆ ಹುರೀಬೇಡ್ರಿ, ನಮ್ಮ ಬೇಸಿಗೇಲಂತೂ ಬೇಡವೇ ಬೇಡ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ, ಅದರ ಬೀಜಕಣ ಅನ್ನ ಬೆಂದ್ರೂ ಸಾಯಲ್ಲ, ಅದು ಬಿಡೋ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಆರಿದ ತಕ್ಷಣ ಫ್ರಿಡ್ಜಿಗೆ ಇಟ್ಬಿಡ್ರಿ.

ನಮ್ಮತ್ತೆ ಪಕ್ಕಾ ಸಸ್ಯಾಹಾರಿ, ಮೊಟ್ಟೆನೂ ಇಲ್ಲ. ಇಂಥ ಹೋಟೆಲಿಗೆ ಕರ್ಕೊಂಡು ಹೋಗಬಹುದಾ?
— ಓದುಗಿ, ಜಗಳೂರು

ಕರ್ಕೊಂಡು ಹೋಗ್ರಿ, ಆದ್ರೆ ಮೆನುವಲ್ಲಿ ಹಸಿರು ಚುಕ್ಕೆ ನೋಡಿ ಸುಮ್ನಾಗಬೇಡ್ರಿ, ಬಾಯಿಬಿಟ್ಟು ಕೇಳ್ರಿ. ಥಾಯ್ ಕರಿ ಪೇಸ್ಟಲ್ಲಿ ಮಾಮೂಲಾಗಿ ಒಣ ಸಿಗಡಿ ಅರೆದು ಹಾಕಿರ್ತಾರೆ, ಮೇಲಿಂದ ಫಿಶ್ ಸಾಸು. ತರಕಾರಿ ಹಾಕಿದ ಕೂಡ್ಲೆ ಅದು ವೆಜ್ ಆಗಲ್ಲ. ಆಯ್‌ಸ್ಟರ್ ಸಾಸ್ ಅಂದ್ರೆ ಸಿಂಪಿಯಿಂದ ಮಾಡಿದ್ದು, ಅಣಬೆಯಿಂದ ಮಾಡಿದ ವೆಜ್ ನಮೂನೆನೂ ಬರುತ್ತೆ, ಅದು ಹಾಕ್ತಾರಾ ಕೇಳ್ಬೇಕು. ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿದಾರಾ ಅಂತನೂ ಕೇಳ್ರಿ. ಎಗ್ ನೂಡಲ್ಸ್ ಅಂತ ಬೇರೇನೇ ಇರುತ್ತೆ, ಹಿಟ್ಟಲ್ಲೇ ಮೊಟ್ಟೆ.

ಗಾಡೀಲಿ ಇನ್ನೊಂದು ತಾಪತ್ರಯ, ಚಿಕನ್ ಹುರಿದ ಬಾಂಡ್ಲೀಲೇ ನೀರು ಚೆಲ್ಲಿ ಒರೆಸಿ ನಿಮ್ಮ ಗೋಬಿ. ಬರೀ ವೆಜ್ ಗಾಡಿಗಳೂ ಬೇಕಾದಷ್ಟಿವೆ, ಅಲ್ಲಿಗೇ ಹೋಗ್ರಿ. ನಮ್ಮಮ್ಮನ್ನ ಕರ್ಕೊಂಡು ಹೋದಾಗ ಅವರು ವೆಜ್ ಮೊಮೊ ಒಂದು ಬಾಯಿಗಿಟ್ಟು, "ಕಡುಬಿನೊಳಗೆ ಪಲ್ಯ ತುಂಬ್ಯಾರೆ, ಉಪ್ಪು ಸಾಲದು" ಅಂದು ಪ್ಲೇಟು ಪೂರ್ತಿ ಖಾಲಿ ಮಾಡಿದ್ರು. ಮೊಮೊ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಟಿಬೆಟಿನವರ ಕೈಯಿಂದಲೇ ತಿನ್ಬೇಕು ಅಂತಿದ್ರೆ ಈ ಕಡೆಯವರಿಗೆ ಮುಂಡಗೋಡು ಇದೆ, 1960ರ ದಶಕದಿಂದ ಅಲ್ಲಿ ಅವರ ಕ್ಯಾಂಪು. ಥುಕ್ಪಾ ಅಂತ ನೂಡಲ್ಸ್ ಹಾಕಿದ ಸೂಪು ಕೇಳ್ರಿ, ಅಲ್ಲೂ ವೆಜ್ ಅಂತ ಒತ್ತಿ ಹೇಳಿ.

ಅಜಿನೊಮೊಟೊ ವಿಷ ಅಂತಾರೆ, ನಿಜನಾ?
— ಓದುಗ, ಚನ್ನಗಿರಿ

ವಿಷ ಅಲ್ಲ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಅನ್ನೋ ರಸಾಯನಶಾಸ್ತ್ರಜ್ಞರು ಕೊಂಬು ಅನ್ನೋ ಸಮುದ್ರದ ಪಾಚಿಯ ಸಾರಲ್ಲಿ ಯಾಕೆ ಅಷ್ಟು ರುಚಿ ಅಂತ ಹುಡುಕಿ ತೆಗೆದಿದ್ದು, ಅಜಿನೊಮೊಟೊ ಅನ್ನೋದು ಕಂಪನಿ ಹೆಸರು, ವಸ್ತು ಹೆಸರು ಮೋನೋಸೋಡಿಯಂ ಗ್ಲುಟಮೇಟು. ಅದೇ ಗ್ಲುಟಮೇಟು ಟೊಮೆಟೊದಲ್ಲೂ ಇದೆ ಅಣಬೇಲೂ ಇದೆ. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೇಲಿ ಬಂದ ಒಂದು ಕಾಗದದಿಂದ ಹೆದರಿಕೆ ಶುರುವಾಗಿ ಇವತ್ತಿಗೂ ನಿಂತಿಲ್ಲ. ಎಳೆ ಕೂಸುಗಳಿಗೆ ಬೇಡ, ಬಿಪಿ ಇರೋರಿಗೆ ಅದರಲ್ಲೂ ಸೋಡಿಯಂ ಇದೆ ಅನ್ನೋದು ನೆನಪಿರಲಿ. ಆದ್ರೆ ಬಿಪಿಯವರು ಇದಕ್ಕಿಂತ ಸೋಯಾ ಸಾಸಿಗೆ ಹೆದರ್ಬೇಕು, ಒಂದು ದೊಡ್ಡ ಚಮಚದಲ್ಲೇ 900 ಮಿಲಿಗ್ರಾಮಿನ ಆಸುಪಾಸು ಸೋಡಿಯಂ.

ನಾನು ಮನೇಲಿ ಹಾಕಲ್ಲ. ಕಾರಣ ಆರೋಗ್ಯ ಅಲ್ಲ, ಅದಿದ್ರೆ ಎಲ್ಲದೂ ಒಂದೇ ರುಚಿ ಬರುತ್ತೆ ಅಂತ.

ಮಗಳು ಕೊರಿಯನ್ ಸೀರಿಯಲ್ ನೋಡಿ ನೋಡಿ ರಾಮೆನ್, ಕಿಮ್ಚಿ ಅಂತ ಪ್ರಾಣ ತಿಂತಾಳೆ. ಚಿತ್ರದುರ್ಗದಲ್ಲಿ ಎಲ್ಲಿ ತರ್ಲಿ?
— ತಾಯಿ, ಚಿತ್ರದುರ್ಗ

ಕಿಮ್ಚಿ ತರೋದ್ಯಾಕೆ, ನಿಮ್ಮ ಕೈಯಲ್ಲಿ ಉಪ್ಪಿನಕಾಯಿ ಹಾಕೋ ವಿದ್ಯೆ ಇದೆಯಲ್ಲ, ಅದೇ ಸಾಕು. ಕೊರಿಯಾದಲ್ಲಿ ಚಳಿಗಾಲ ಬರೋಕೆ ಮುಂಚೆ ಮನೆಮಂದಿ, ನೆರೆಹೊರೆ ಎಲ್ಲ ಸೇರಿ ರಾಶಿ ರಾಶಿ ಕಿಮ್ಚಿ ಹಾಕ್ತಾರೆ, ಕಿಮ್‌ಜಾಂಗ್ ಅಂತ ಹೆಸರು, 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರ್ತು. ನಮ್ಮಲ್ಲಿ ಬೇಸಿಗೇಲಿ ಓಣಿ ಹೆಂಗಸರೆಲ್ಲ ಸೇರಿ ಮಾಳಿಗೆ ಮೇಲೆ ಸಂಡಿಗೆ ಹಾಕೋದಿಲ್ವಾ, ಅದೇ ಥರ.

ಅವರ ಉದ್ದನೆ ಎಲೆಕೋಸು ನಮ್ಮ ಕಡೆ ಸುಲಭಕ್ಕೆ ಸಿಗಲ್ಲ, ಮಾಮೂಲಿ ಎಲೆಕೋಸು, ಜೊತೆಗೆ ಒಂದು ಮೂಲಂಗಿ ತಗೊಳ್ರಿ. ಕೆಜಿಗೆ 25 ಗ್ರಾಂ ಉಪ್ಪು ತೂಗಿ ಹಾಕಿ ಚೆನ್ನಾಗಿ ಹಿಸುಕಿ ಎರಡು ಗಂಟೆ ಬಿಡ್ರಿ, ಬಿಟ್ಟ ನೀರು ಚೆಲ್ಲಬೇಡ್ರಿ. ಒಂದು ಚಮಚ ಅಕ್ಕಿಹಿಟ್ಟಲ್ಲಿ ತೆಳ್ಳಗೆ ಗಂಜಿ ಕಾಯಿಸಿ ಆರಿಸಿ ಅದಕ್ಕೆ ಬೆಳ್ಳುಳ್ಳಿ, ಶುಂಠಿ, ಮೂರು ಚಮಚ ಬ್ಯಾಡಗಿ ಪುಡಿ, ಚೂರು ಸಕ್ಕರೆ. ಅವರು ಫಿಶ್ ಸಾಸೋ ಸಿಗಡಿಯೋ ಹಾಕ್ತಾರೆ, ನೀವು ಒಂದು ಚಮಚ ಸೋಯಾ ಸಾಸ್ ಹಾಕ್ರಿ. ಗಾಜಿನ ಜಾಡಿಗೆ ಒತ್ತಿ ಒತ್ತಿ ತುಂಬಿ, ಎಲೆಕೋಸು ಅದರ ನೀರಲ್ಲೇ ಮುಳುಗಿರ್ಬೇಕು, ಮುಚ್ಚಳ ಸಡಿಲ. ಚಿತ್ರದುರ್ಗದ ಬಿಸಿಲಿಗೆ ಹೊರಗೆ ಒಂದು ದಿನ ಸಾಕು, ಚಳಿಗಾಲದಲ್ಲಾದ್ರೆ ಎರಡು, ಗುಳ್ಳೆ ಎದ್ದು ಹುಳಿ ವಾಸನೆ ಬಂದ ಕೂಡ್ಲೆ ಫ್ರಿಡ್ಜು. ಜಾಡಿ ಕೆಳಗೆ ಒಂದು ತಟ್ಟೆ ಇಡೋದು ಮರೀಬೇಡ್ರಿ, ರಾತ್ರಿ ಉಕ್ಕಿ ಹರಿದು ನಮ್ಮನೆ ಕಟ್ಟೆಯೆಲ್ಲ ಕೆಂಪಾಗಿತ್ತು.

ರಾಮೆನ್ ಅಂತ ಅವಳು ಕೇಳ್ತಿರೋದು ಪ್ಯಾಕೆಟ್ಟಿಂದು. ದಿಢೀರ್ ನೂಡಲ್ಸ್ ಅನ್ನೋದನ್ನೇ ಮೊಮೊಫುಕು ಆಂಡೊ ಅನ್ನೋರು 1958ರಲ್ಲಿ ಜಪಾನಲ್ಲಿ ಮಾರ್ಕೆಟ್ಟಿಗೆ ಬಿಟ್ಟಿದ್ದು. ಕೊರಿಯಾದ ಕೆಂಪು ಪ್ಯಾಕೆಟ್ಟಿನ ಖಾರ ಎಂಥದ್ದು ಅಂದ್ರೆ 2024ರಲ್ಲಿ ಡೆನ್ಮಾರ್ಕ್ ದೇಶ ಕೆಲವನ್ನ ಅಂಗಡಿಯಿಂದ ವಾಪಸ್ ತೆಗೆಸಿತ್ತು. ನಮ್ಮ ಮಿರ್ಚಿ ತಿಂದ ಮಕ್ಕಳಿಗೆ ಅದೇನು ಮಹಾ ಅಂತೀರೇನೋ, ಆದ್ರೂ ಪುಡಿ ಪೂರ್ತಿ ಹಾಕದೆ ಅರ್ಧ ಹಾಕಿ, ಮೇಲೆ ಬೇಯಿಸಿದ ಮೊಟ್ಟೆ ಇಲ್ಲಾ ಪನ್ನೀರು, ಒಂದು ಹಿಡಿ ಪಾಲಕ್ ಸೊಪ್ಪು. ಬಟ್ಟಲು ಮಾತ್ರ ಸೀರಿಯಲ್ಲಲ್ಲಿ ಇರೋ ಥರದ್ದೇ ಕೊಡ್ರಿ, ಅರ್ಧ ರುಚಿ ಅದರಲ್ಲೇ ಇದೆ ಅವಳಿಗೆ.

ಥಾಯ್ ಗ್ರೀನ್ ಕರಿ ಮನೇಲಿ ಮಾಡಕ್ಕಾಗುತ್ತಾ? ಇಲ್ಲಿ ಆ ಸಾಮಾನು ಏನೂ ಸಿಗಲ್ಲ.
— ಓದುಗಿ, ಹೊಸದುರ್ಗ

ತೆಂಗಿನ ತೋಟದ ಊರಲ್ಲಿ ಕೂತು ಸಾಮಾನು ಸಿಗಲ್ಲ ಅಂತೀರಲ್ಲ! ಕರಿಗೆ ಮುಖ್ಯ ಬೇಕಿರೋದೇ ಕಾಯಿಹಾಲು, ಡಬ್ಬೀದು ಬೇಡ, ಎರಡು ಕಾಯಿ ತುರಿದು ಹಿಂಡ್ರಿ, ಮೊದಲ ಹಾಲು ಬೇರೆ ಎರಡನೇ ಹಾಲು ಬೇರೆ. ಲೆಮನ್‌ಗ್ರಾಸ್ ಅಂದ್ರೆ ನಮ್ಮ ಮಜ್ಜಿಗೆ ಹುಲ್ಲು, ಹಿತ್ತಲಲ್ಲಿ ಯಾರಾದ್ರೂ ಬೆಳೆಸಿರ್ತಾರೆ, ಬುಡದ ಬಿಳಿ ಭಾಗ ಮಾತ್ರ ಅರೆಯೋದು. ಗಲಾಂಗಲ್ ಅನ್ನೋದು ಗ್ರಂಥಿಗೆ ಅಂಗಡೀಲಿ ದುಂಪರಾಸ್ಮೆ ಅಂತ ಒಣಗಿದ್ದು ಸಿಗುತ್ತೆ, ಸಿಗದಿದ್ರೆ ಶುಂಠಿ. ಅವರ ನಿಂಬೆ ಎಲೆ ಬದಲಿಗೆ ಹೇರಳೆ ಗಿಡದ್ದೋ ನಿಂಬೆ ಗಿಡದ್ದೋ ಎಳೆ ಎಲೆ ಎರಡು. ಇಷ್ಟಕ್ಕೆ ಹಸಿಮೆಣಸಿನಕಾಯಿ, ಕೊತ್ತಂಬರಿ ಬೇರು ಸಮೇತ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಧನಿಯಾ, ಜೀರಿಗೆ ಸೇರಿಸಿ ರುಬ್ಬಿ. ಗಟ್ಟಿ ಹಾಲು ಸ್ವಲ್ಪ ಬಾಂಡ್ಲಿಗೆ ಹಾಕಿ ಎಣ್ಣೆ ಬಿಡೋವರೆಗೂ ಕಾಯಿಸಿ ಅದರಲ್ಲೇ ಮಸಾಲೆ ಹುರೀರಿ, ಆಮೇಲೆ ತೆಳು ಹಾಲು, ಬದನೆಕಾಯಿ, ಬೀನ್ಸು, ಉಪ್ಪು, ಚೂರು ಬೆಲ್ಲ, ಉಳಿದ ಗಟ್ಟಿ ಹಾಲು ಕೊನೇಗೆ. ಇಳಿಸಿದ ಮೇಲೆ ನಿಂಬೆಹುಳಿ. ಒಗ್ಗರಣೆ ಹಾಕೋಕೆ ಕೈ ತುರಿಸುತ್ತೆ, ಹಾಕಬೇಡ್ರಿ, ಹಾಕಿದ್ರೆ ಅದು ಸಾಗು.

ಶೇಜ್ವಾನ್ ಅಂದ್ರೆ ಏನು?
— ಓದುಗ, ಹೊನ್ನಾಳಿ

ಚೀನಾದ ಸಿಚುವಾನ್ ಪ್ರಾಂತ್ಯದ ಹೆಸರು ನಮ್ಮ ಬಾಯಲ್ಲಿ ಹಂಗಾಗಿದೆ. ಅಲ್ಲಿಯವರು ನಾಲಿಗೆ ಜೋಮು ಹಿಡಿಸೋ ಒಂಥರಾ ಮೆಣಸು ಹಾಕ್ತಾರೆ, ಅದರ ಹತ್ತಿರದ ನೆಂಟ ನಮ್ಮ ಮಲೆನಾಡು, ಕರಾವಳಿ ಕಡೆಯ ಜುಮ್ಮನಕಾಯಿ, ಹೆಸರಲ್ಲೇ ಇದೆ ನೋಡಿ. ನಮ್ಮ ಬಾಟ್ಲಿ ಶೇಜ್ವಾನ್ ಚಟ್ನೀಲಿ ಅದು ಇರೋದೇ ಇಲ್ಲ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ. ರೊಟ್ಟಿಗೆ ಹಚ್ಚೋ ಕೆಂಪು ಖಾರಕ್ಕೆ ವಿನಿಗರ್ ಹಾಕಿದಂಗೆ.

ನನಗೆ ಅರವತ್ತೆಂಟು ವರ್ಷ. ಮೊಮ್ಮಗ ಹೋಟೆಲಲ್ಲಿ ಕಡ್ಡೀಲೇ ತಿನ್ನಬೇಕು ತಾತ ಅಂತ ಹಠ ಮಾಡ್ತಾನೆ. ಎಲ್ಲರೆದುರು ಮರ್ಯಾದೆ ಹೋಗುತ್ತೆ. ಏನ್ ಮಾಡ್ಲಿ?
— ನಿವೃತ್ತ ಮಿಲ್ ನೌಕರರು, ದಾವಣಗೆರೆ

ಯಜಮಾನ್ರೆ, ಥಾಯ್ ಹೋಟೆಲಾದ್ರೆ ನೀವು ಈಗಾಗಲೇ ಗೆದ್ದಿದೀರಿ, ಆ ದೇಶದಲ್ಲಿ ಅನ್ನ ತಿನ್ನೋದು ಚಮಚ ಫೋರ್ಕಲ್ಲೇ, ಕಡ್ಡಿ ಏನಿದ್ರೂ ನೂಡಲ್ಸಿಗೆ. ಹೇಳಿ ಅವನಿಗೆ. ಚೈನೀಸಾದ್ರೆ ಸ್ವಲ್ಪ ಅಭ್ಯಾಸ ಬೇಕು. ಕೆಳಗಿನ ಕಡ್ಡಿ ಅಲ್ಲಾಡಲ್ಲ, ಹೆಬ್ಬೆರಳ ಸಂದೀಲಿ ಇಟ್ಟು ಉಂಗುರದ ಬೆರಳ ಮೇಲೆ ಒರಗಿಸಿಬಿಡ್ರಿ, ಮೇಲಿನದೊಂದೇ ಪೆನ್ನು ಹಿಡಿದಂಗೆ ಹಿಡಿದು ಆಡಿಸೋದು. ಮಿಲ್ಲಲ್ಲಿ ಹರಿದ ಎಳೆ ಬೆರಳಲ್ಲೇ ಹುಡುಕಿ ಗಂಟು ಹಾಕಿದ ಕೈಗೆ ಇದು ಒಂದು ವಾರದ ಕೆಲಸ. ಮೊದಲೆರಡು ದಿನ ಮಿರ್ಚಿ ಬಜ್ಜಿ ಎತ್ತಿ ನೋಡ್ರಿ, ಆಮೇಲೆ ಹುರಿದ ಶೇಂಗಾ, ಆಮೇಲೆ ಮಂಡಕ್ಕಿ ಒಂದೊಂದೇ ಕಾಳು. ಮಂಡಕ್ಕಿ ಎತ್ತಕ್ಕೆ ಬಂದ ದಿನ ಮೊಮ್ಮಗನ್ನ ಎದುರಿಗೆ ಕೂರಿಸ್ಕೊಂಡು ನೀನೂ ಎತ್ತು ನೋಡೋಣ ಅನ್ರಿ.